ಕಾಲೇಜಿನ ಬಾಗಿಲಲ್ಲಿ ನಿಂತ ತಾಯಿತಂದೆಗಳಿಗೆ

ಈ ಸ್ಮರಣ ಸಂಚಿಕೆಗೆ ಶಾಲೆಯ ಏಳಿಗೆಯನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಚಿಕೆಯ ಕಾರ್ಯಕರ್ತರು ನನ್ನನ್ನು ಕೇಳಿದರು. ಕಟ್ಟಡ, ವಾಚನಾಲಯ, ಪರೀಕ್ಷಾ ಫಲ ಮುಂತಾದವುಗಳ ವಿಷಯವೆಲ್ಲ ವಾರ್ಷಿಕ ವರದಿಯಲ್ಲಿ ಬಂದೇ ಇದೆ. ಅದನ್ನೇ ಇಲ್ಲಿ ಮತ್ತೊಮ್ಮೆ ಹೇಳುವುದಕ್ಕಿಂತಲೂ, ಪ್ರತಿ ವರ್ಷ ಏಪ್ರಿಲ್ ತಿಂಗಳು ಮೊದಲ್ಗೊಂಡು ಆಗಸ್ಟ್ ಕಳೆಯುವ ತನಕ ನನ್ನ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕುಳಿತಿರುವವರನ್ನು ಕುರಿತು ಎರಡು ಮಾತು ಹೇಳುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರಿತು.

ಆ ಬೆಂಚಿನ ಮೇಲೆ ಕುಳಿತುಕೊಳ್ಳುವವರು ಮಕ್ಕಳಲ್ಲ, ಮಕ್ಕಳ ತಾಯಿತಂದೆಗಳು. ಎಸ್.ಎಸ್.ಎಲ್.ಸಿ. ಮುಗಿದ ಕೂಡಲೆ ಒಮ್ಮೆ ಬರುತ್ತಾರೆ. ಎರಡು ವರ್ಷ ಕಳೆದು ಮಗಳು ಪಿ.ಯು.ಸಿ. ಮುಗಿಸಿದ ಮೇಲೆ, ಯಾವುದಾದರೊಂದು ಪ್ರಮಾಣಪತ್ರಕ್ಕಾಗಿ ಇನ್ನೊಮ್ಮೆ ಬರುತ್ತಾರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಅಂಕಪಟ್ಟಿ, ಮುಖದ ಮೇಲೆ ರಾತ್ರಿಯೆಲ್ಲ ನಿದ್ರೆಯಿಲ್ಲದ ಗುರುತು. ಮಗಳು ಮಾತ್ರ ಒಂದು ಮಾರು ದೂರದಲ್ಲಿ, ಕಂಬದ ಮರೆಯಲ್ಲಿ ನಿಂತಿರುತ್ತಾಳೆ. ಈ ದೃಶ್ಯವನ್ನು ನಾನು ಎಷ್ಟೋ ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. ನೋಡಿ ನೋಡಿ ನನ್ನ ಮನಸ್ಸಿನಲ್ಲಿ ಒಂದು ಅಭಿಪ್ರಾಯವು ಬೇರೂರಿದೆ: ಕಾಲೇಜಿನ ಪ್ರವೇಶದ ಕಾಲದಲ್ಲಿ ಮಗಳಿಗಿಂತಲೂ ತಾಯಿತಂದೆಗಳಿಗೇ ಹೆಚ್ಚಿನ ಪರೀಕ್ಷೆ ನಡೆಯುತ್ತದೆ, ಅವರು ಆ ಪರೀಕ್ಷೆಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ಮಗಳು ತನ್ನ ಜೀವಮಾನದಲ್ಲಿ ಮರೆಯುವುದಿಲ್ಲ.

ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜು 1921ರಲ್ಲಿ ಆರಂಭವಾದಾಗ, ಹೆಣ್ಣುಮಗಳನ್ನು ಕಾಲೇಜಿಗೆ ಕಳುಹಿಸಬಹುದೇ ಕಳುಹಿಸಬಾರದೇ ಎಂಬುದೇ ನಮ್ಮ ಮನೆಗಳಲ್ಲಿದ್ದ ಪ್ರಶ್ನೆ. ಈಗ ಆ ಪ್ರಶ್ನೆಯು ಬಹುಮಟ್ಟಿಗೆ ಹಿಂದೆ ಸರಿದಿದೆ, ದೇವರಿಗೆ ಸ್ತೋತ್ರ. ಅದರ ಬದಲು ಯಾವ ಕಾಲೇಜು, ಯಾವ ವಿಷಯ, ಯಾವ ಸುತ್ತಿನಲ್ಲಿ, ಎಷ್ಟು ಹಣಕ್ಕೆ ಎಂಬ ನಾಲ್ಕು ಪ್ರಶ್ನೆಗಳು ಬಂದಿವೆ. ನಮ್ಮ ರಾಜ್ಯದಲ್ಲಿ 1994ರಿಂದ ಸಿ.ಇ.ಟಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯು ನಡೆದುಬಂದಿದೆ. ಇಂಜಿನಿಯರಿಂಗ್ ಶಿಕ್ಷಣಕ್ಕೆ ಪಿ.ಯು.ಸಿ.ಯ ಅಂಕಗಳಿಗೆ ಅರ್ಧ, ಸಿ.ಇ.ಟಿ.ಯ ಅಂಕಗಳಿಗೆ ಅರ್ಧ ತೂಕವನ್ನಿಟ್ಟು ರ‍್ಯಾಂಕು ಕೊಡುತ್ತಾರೆ. ವೈದ್ಯ ಶಿಕ್ಷಣಕ್ಕೆ ನೀಟ್ ಎಂಬ ಬೇರೆ ಪರೀಕ್ಷೆಯುಂಟು. ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ತರಗತಿಗಳಿಗೆ ಆಯಾ ಕಾಲೇಜಿನವರೇ ಪಟ್ಟಿಗಳನ್ನು ಹಾಕುತ್ತಾರೆ. ಹಾದಿಗಳು ಬೇರೆ ಬೇರೆಯಾದಾಗ್ಯೂ ಕೊನೆಗೆ ತಾಯಿತಂದೆಗಳ ಕಿವಿಗೆ ಬೀಳುವ ಉತ್ತರಗಳು ಮೂರೇ: 'ಆಯಿತು', 'ಇಲ್ಲ', 'ಕಾದಿರಿ'.

ಈ ಮೂರರಲ್ಲಿ 'ಇಲ್ಲ' ಎಂಬುದೇ ಅತಿ ಕಠಿಣವೆಂದು ಎಲ್ಲರೂ ಎಣಿಸುತ್ತಾರೆ. ನನ್ನ ಅನುಭವದಲ್ಲಿ ಹಾಗಲ್ಲ. 'ಇಲ್ಲ' ಎಂದಾಗ ಒಂದು ದಿನ ಅತ್ತು, ಮರುದಿನ ಬೇರೆ ದಾರಿಯನ್ನು ಹುಡುಕುತ್ತೇವೆ. 'ಕಾದಿರಿ' ಎಂಬ ಉತ್ತರವೇ ಮನೆಯನ್ನು ಕದಡುವುದು. ಎರಡನೆಯ ಪಟ್ಟಿಯವರೆಗೆ ಕಾಯುವ ದಿನಗಳಲ್ಲಿ ತಂದೆಯು ತಾಯಿಯ ಮೇಲೆ ಸಿಡುಕುತ್ತಾನೆ, ತಾಯಿಯು ಮಗಳ ಮೇಲೆ. ನೆರೆಯವರ ಮಗಳಿಗೆ ಏನು ದೊರೆಯಿತೆಂಬ ವಿಚಾರಣೆ ಊಟದ ಹೊತ್ತಿನಲ್ಲೂ ನಡೆಯುತ್ತದೆ. ಆ ಹುಡುಗಿಯಾದರೋ ತಾನು ಮನೆಗೆ ತಂದಿಟ್ಟ ಅಪಮಾನವೇ ಇದೆಲ್ಲ ಎಂದು ಭಾವಿಸಿ ತಟ್ಟೆಯ ಮುಂದೆ ತಲೆತಗ್ಗಿಸಿ ಕುಳಿತಿರುತ್ತಾಳೆ.

ಇಲ್ಲಿ ನನ್ನ ತಂದೆಯವರ ಒಂದು ನೆನಪನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ಅವರು ಒಂದು ಮಿಶನ್ ಆಸ್ಪತ್ರೆಯಲ್ಲಿ ಕಂಪೌಂಡರರಾಗಿದ್ದರು. 1998ರಲ್ಲಿ ನಾನು ಪಿ.ಯು.ಸಿ. ಮುಗಿಸಿ, ದೂರದ ಪಟ್ಟಣದ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ತರಗತಿಗೆ ಅರ್ಜಿ ಹಾಕಿದ್ದೆನು. ಪಟ್ಟಿ ಹಾಕುವ ದಿನ ಇಬ್ಬರೂ ಬಸ್ಸಿನಲ್ಲಿ ಹೋದೆವು. ಗೋಡೆಯ ಮೇಲಿನ ಪಟ್ಟಿಯನ್ನು ಅವರು ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ಎರಡು ಸಾರಿ ಓದಿದರು. ನನ್ನ ಹೆಸರಿರಲಿಲ್ಲ. ಮನೆಗೆ ಬಂದು, ಬಾಗಿಲಲ್ಲೇ ನಿಂತಿದ್ದ ನನ್ನ ತಾಯಿಗೆ, 'ಇನ್ನೊಂದು ಪಟ್ಟಿ ಇದೆಯಂತೆ. ಮೊದಲು ಮಗುವಿಗೆ ಊಟಕ್ಕೆ ಹಾಕು' ಎಂದಷ್ಟೇ ಹೇಳಿದರು. ಮರುದಿನ ಸಾಯಂಕಾಲ ನಮ್ಮ ಊರಿನ ಕಾಲೇಜಿನ ಅರ್ಜಿಯೊಂದನ್ನು ತಂದು ನನ್ನ ಮುಂದಿಟ್ಟು, 'ಇದನ್ನೂ ತುಂಬಿಡು. ಬೇಡವಾದರೆ ಬಿಡೋಣ' ಎಂದರು. ಹನ್ನೆರಡು ದಿನಗಳ ಮೇಲೆ ಎರಡನೆಯ ಪಟ್ಟಿಯಲ್ಲಿ, ಕೊನೆಯಿಂದ ನಾಲ್ಕನೆಯದಾಗಿ, ನನ್ನ ಹೆಸರು ಬಂದಿತು. ಆ ಹನ್ನೆರಡು ದಿನಗಳಲ್ಲಿ ಅವರ ಎದೆಯೊಳಗೆ ಏನಿತ್ತೋ ನಾನರಿಯೆನು; ಮನೆಯೊಳಗೆ ಮಾತ್ರ ಅದರ ನೆರಳು ಬೀಳಗೊಡಲಿಲ್ಲ. ಕಾಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ, ಗೋಳಾಡುವುದೂ ಅಲ್ಲ, ಎರಡನೆಯ ಬಾಗಿಲನ್ನು ತೆರೆದಿಟ್ಟುಕೊಂಡು ಸುಮ್ಮನಿರುವುದು ಎಂಬ ಪಾಠವನ್ನು ನಾನು ಅಂದು ಕಲಿತೆನು.

ಕಲಿತೆನು ಎಂದು ಬರೆದೆನಷ್ಟೆ. ಕಲಿತವಳು ಅದನ್ನು ಮರೆತ ಸಂಗತಿಯನ್ನೂ ಹೇಳದಿದ್ದರೆ ಈ ಲೇಖನವು ಪ್ರಾಮಾಣಿಕವಾಗಲಾರದು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಓದಿ, ಪಿ.ಯು.ಸಿ.ಯಲ್ಲೂ ಚೆನ್ನಾಗಿ ತೇರ್ಗಡೆಯಾದ ಒಬ್ಬ ಹುಡುಗಿಗೆ ಸಿ.ಇ.ಟಿ.ಯ ಮೊದಲನೆಯ ಸುತ್ತಿನಲ್ಲಿ ಒಂದು ಜಿಲ್ಲಾ ಪಟ್ಟಣದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ದೊರೆಯಿತು. ತಂದೆಯು ಸರಕು ಸಾಗಿಸುವ ಆಟೋ ಓಡಿಸಿ ಜೀವಿಸುವವರು. ಅವರು ಬೆಂಚಿನ ಮೇಲೆ ಬಂದು ಕುಳಿತು, 'ಅಮ್ಮನವರೇ, ಏನು ಮಾಡಲಿ?' ಎಂದು ಕೇಳಿದರು. ನಮ್ಮ ಶಾಲೆಯ ಇಂಥ ಹುಡುಗಿಯು ಬೆಂಗಳೂರಿನ ದೊಡ್ಡ ಕಾಲೇಜಿನಲ್ಲಿರಬೇಕು ಎಂಬ ಹೆಮ್ಮೆ ನನ್ನದು. 'ಇದಕ್ಕೇಕೆ ಅವಸರ? ಮುಂದಿನ ಸುತ್ತಿಗೆ ಕಾಯಿರಿ' ಎಂದುಬಿಟ್ಟೆನು.

ಸಿ.ಇ.ಟಿ.ಯ ಹಂಚಿಕೆಯಲ್ಲಿ ಸೀಟು ದೊರೆತವರ ಮುಂದೆ ನಾಲ್ಕು ಆಯ್ಕೆಗಳಿರುತ್ತವೆ. ಮೊದಲನೆಯದು, ದೊರೆತದ್ದರಿಂದ ತೃಪ್ತಿಹೊಂದಿ ಸೇರಿಬಿಡುವುದು. ಎರಡನೆಯದು, ದೊರೆತದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದಿನ ಸುತ್ತಿಗೆ ನಿಲ್ಲುವುದು. ಮೂರನೆಯದು, ದೊರೆತದ್ದನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ನಿಲ್ಲುವುದು. ನಾಲ್ಕನೆಯದು, ಇಡೀ ಹಂಚಿಕೆಯಿಂದಲೇ ಹೊರಗೆ ಬರುವುದು. 'ಕಾಯಿರಿ' ಎಂಬ ನನ್ನ ಒಂದೇ ಮಾತಿನಲ್ಲಿ ಎರಡನೆಯದೂ ಅಡಗಿತ್ತು, ಮೂರನೆಯದೂ ಅಡಗಿತ್ತು. ಯಾವುದೆಂದು ನಾನು ಬಿಡಿಸಿ ಹೇಳಲಿಲ್ಲ, ಅವರು ಕೇಳಲಿಲ್ಲ. ಅವರು ಮೂರನೆಯದನ್ನು ಒತ್ತಿದರು. ಮುಂದಿನ ಸುತ್ತಿನಲ್ಲಿ ಏನೂ ದೊರೆಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಯಿತು.

ಆ ಹುಡುಗಿಯು ಊರಿನ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದಿ, ಈಗ ಒಂದು ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಳೆ. ಒಮ್ಮೆ ನನ್ನನ್ನು ಕಾಣಲು ಬಂದಾಗ, ಬಹು ದಿನಗಳಿಂದ ಹೇಳಬೇಕೆಂದಿದ್ದ ಕ್ಷಮೆಯ ಮಾತನ್ನು ನಾನು ಹೇಳಿದೆನು. ಅವಳು ಸೀಟು ಹೋದದ್ದಕ್ಕೆ ನನ್ನನ್ನು ದೂರಲಿಲ್ಲ. 'ಅಮ್ಮನವರೇ, ಆ ಕಾಲೇಜು ನನಗೆ ಇಷ್ಟವಾಗಿತ್ತು. ಆ ದಿನ ನಾನೂ ಅಲ್ಲೇ ನಿಂತಿದ್ದೆ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ' ಎಂದಳು. ಆ ಮಾತು ನನ್ನ ಎದೆಯಲ್ಲಿ ಇಂದಿಗೂ ನೆಟ್ಟಿದೆ. ಅಂದಿನಿಂದ ಯಾರೇ ಬರಲಿ, ಕಂಬದ ಮರೆಯಲ್ಲಿ ನಿಂತವಳನ್ನು ಮೊದಲು ಒಳಗೆ ಕರೆದು ಕುರ್ಚಿಯ ಮೇಲೆ ಕುಳ್ಳಿರಿಸಿದ ಹೊರತು ನಾನು ಒಂದು ಮಾತನ್ನೂ ಆಡುವುದಿಲ್ಲ.

ಆದಕಾರಣ ನನ್ನ ಮೊದಲನೆಯ ಬಿನ್ನಹವಿದು. ಸೀಟು ಯಾರ ಹೆಸರಿಗೆ ಬಂದಿದೆಯೋ ಅವಳನ್ನು ಕೇಳಿರಿ. ಅವಳು ಹೇಳಿದ್ದನ್ನೆಲ್ಲ ನಡೆಸಿಕೊಡಬೇಕೆಂದು ನಾನು ಹೇಳುತ್ತಿಲ್ಲ. ಹದಿನೇಳು ಹದಿನೆಂಟು ವರ್ಷದ ಮಗುವಿಗೆ ಲೋಕಜ್ಞಾನ ಸಾಲದೆಂಬುದು ನಿಜವೇ. ಆದರೆ ಆ ಕಾಲೇಜಿನ ಬೆಂಚಿನ ಮೇಲೆ ಮೂರು ನಾಲ್ಕು ವರ್ಷ ಕುಳಿತುಕೊಳ್ಳುವವಳು ಅವಳು, ನಾವಲ್ಲ.

ಎರಡನೆಯದಾಗಿ, ಕಾಯುವುದಾದರೆ ನಿಯಮವನ್ನು ಓದಿ ಕಾಯಿರಿ. ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆಯೊಂದನ್ನು ಪ್ರಕಟಿಸುವುದು ಏತಕ್ಕಾಗಿ? ಆಯ್ಕೆಗಳ ಕ್ರಮವನ್ನು ತಿದ್ದಿಕೊಳ್ಳುವುದಕ್ಕಾಗಿ. ಅದನ್ನು ನೋಡಿ ಸಂತೋಷಪಟ್ಟು ಅಥವಾ ದುಃಖಪಟ್ಟು ಸುಮ್ಮನಿರಬಾರದು. ಎರಡನೆಯ ಆಯ್ಕೆಯನ್ನು ಒತ್ತಿ ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನ ಸೀಟು ದೊರೆತರೆ ಹಳೆಯ ಸೀಟು ತಾನಾಗಿಯೇ ಹೋಗುತ್ತದೆ. ಆದುದರಿಂದ ನಿಮಗೆ ನಿಜವಾಗಿ ಹೆಚ್ಚು ಬೇಕಾದುದನ್ನಲ್ಲದೆ ಬೇರೆ ಯಾವುದನ್ನೂ ಮೇಲಕ್ಕೆ ಬರೆಯಬೇಡಿರಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರದಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಸೀಟುಗಳು ಮೀಸಲಾಗಿವೆ. ನಮ್ಮ ಮಕ್ಕಳಲ್ಲಿ ಅನೇಕರು ಇದಕ್ಕೆ ಅರ್ಹರು. ಆದರೂ ಪ್ರತಿ ವರ್ಷ ಯಾರಾದರೊಬ್ಬರು ಗಡುವು ಮೀರಿದ ಮೇಲೆ ಓಡಿಬರುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗಬಾರದು. ನಿಯಮಗಳು ವರ್ಷದಿಂದ ವರ್ಷಕ್ಕೆ ಮಾರ್ಪಡುವುದೂ ಉಂಟು. ಅಕ್ಕನ ಕಾಲದ ನಿಯಮವನ್ನು ನಂಬಿ ತಂಗಿಯ ಸೀಟನ್ನು ಕಳೆದುಕೊಳ್ಳಬೇಡಿರಿ.

ಒಂದು ವರ್ಷ ಮನೆಯಲ್ಲಿರಿಸಿ ಮತ್ತೆ ನೀಟ್ ಬರೆಯಿಸುವ ವಿಷಯದಲ್ಲಿಯೂ ಒಂದು ಮಾತು. 2024ರಲ್ಲಿ ಆ ಪರೀಕ್ಷೆಯನ್ನು ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ಬರೆದರು, ಎಂ.ಬಿ.ಬಿ.ಎಸ್. ಸೀಟುಗಳಾದರೋ ಒಂದು ಲಕ್ಷವನ್ನು ಸ್ವಲ್ಪ ಮೀರಿದ್ದವು. ಹೀಗಿರುವಲ್ಲಿ ಸೀಟು ದೊರೆಯದ ಮಗುವನ್ನು ದಡ್ಡಿ ಎನ್ನುವುದು ಲೆಕ್ಕವರಿಯದವರ ಮಾತು. ಮತ್ತೊಮ್ಮೆ ಬರೆಯುವ ಮನಸ್ಸು ಮಗಳಿಗೇ ಇದ್ದರೆ, ಅವಳ ಅಂಕಗಳು ದಡಕ್ಕೆ ಹತ್ತಿರ ಬಂದಿದ್ದರೆ, ಒಂದು ವರ್ಷ ಕೊಡಿರಿ. ತಂದೆಯ ಆಸೆಯನ್ನು ತೀರಿಸುವುದಕ್ಕಾಗಿ ಮಾತ್ರ ಆ ವರ್ಷವನ್ನು ತೆಗೆದುಕೊಳ್ಳಬೇಡಿರಿ. ಶುಶ್ರೂಷೆ, ಔಷಧ ಶಾಸ್ತ್ರ, ಪ್ರಯೋಗಾಲಯದ ವಿದ್ಯೆ, ಶಿಕ್ಷಕಿಯ ವೃತ್ತಿ ಇವು ಯಾವುವೂ ಸೋತವರ ಕೆಲಸಗಳಲ್ಲ. ಇವುಗಳಿಂದಲೇ ನಮ್ಮ ಎಷ್ಟೋ ಹಳೆಯ ವಿದ್ಯಾರ್ಥಿನಿಯರು ತಮ್ಮ ಮನೆಗಳನ್ನು ಎತ್ತಿ ನಿಲ್ಲಿಸಿದ್ದಾರೆ.

ಇನ್ನು ವಿದ್ಯಾರ್ಥಿವೇತನದ ವಿಷಯ. ಇದರಲ್ಲಿ ತಾಯಿತಂದೆಗಳು ಎರಡು ವಿಧದ ತಪ್ಪುಗಳನ್ನು ಮಾಡುವುದನ್ನು ಕಂಡಿದ್ದೇನೆ. ಕೆಲವರು ಅದನ್ನು ಭಿಕ್ಷೆಯೆಂದು ಭಾವಿಸಿ ಅರ್ಜಿಯನ್ನೇ ಹಾಕುವುದಿಲ್ಲ. ವಿದ್ಯಾರ್ಥಿವೇತನವು ಮಗುವಿನ ಶ್ರಮಕ್ಕೂ ಮನೆಯ ಸ್ಥಿತಿಗೂ ಸಮಾಜವು ಸಲ್ಲಿಸುವ ನ್ಯಾಯವೇ ಹೊರತು ದಾನವಲ್ಲ. ನನಗೆ ಕಾಲೇಜಿನಲ್ಲಿ ಶುಲ್ಕದ ರಿಯಾಯಿತಿ ದೊರೆತ ಪತ್ರವನ್ನು ನನ್ನ ತಂದೆಯವರು ಮನೆಮಂದಿಯ ಮುಂದೆ ಗಟ್ಟಿಯಾಗಿ ಓದಿದರು. ಕೊನೆಯಲ್ಲಿದ್ದ ಷರತ್ತುಗಳನ್ನೂ ಬಿಡದೆ ಓದಿದರು. ಅದರಲ್ಲಿ ಗೌರವವೂ ಇತ್ತು, ವಿವೇಕವೂ ಇತ್ತು.

ಈಗಿರುವ ಕೆಲವನ್ನು ಹೇಳುತ್ತೇನೆ. ಪಿ.ಯು.ಸಿ.ಯಲ್ಲಿ ಮೇಲಿನ ಸಾಲಿನಲ್ಲಿ ತೇರ್ಗಡೆಯಾಗಿ, ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷ ರೂಪಾಯಿ ಮೀರದವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವುಂಟು. ಪದವಿ ತರಗತಿಯಲ್ಲಿ ವರ್ಷಕ್ಕೆ 12,000 ರೂಪಾಯಿ, ಅದರಲ್ಲಿ ಅರ್ಧ ಭಾಗ ಹೆಣ್ಣುಮಕ್ಕಳಿಗೆ. ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗಾಗಿ 'ಪ್ರಗತಿ' ಎಂಬುದಿದೆ. ವರ್ಷಕ್ಕೆ 50,000 ರೂಪಾಯಿ, ಒಂದು ಮನೆಯಿಂದ ಇಬ್ಬರ ತನಕ, ವರಮಾನದ ಮಿತಿ ಎಂಟು ಲಕ್ಷ. ಮೂಲ ವಿಜ್ಞಾನಗಳನ್ನು ಆರಿಸಿಕೊಳ್ಳುವ ಅತ್ಯುತ್ತಮ ಮಕ್ಕಳಿಗೆ 'ಇನ್‌ಸ್ಪೈರ್' ಯೋಜನೆಯಲ್ಲಿ ವರ್ಷಕ್ಕೆ 80,000 ರೂಪಾಯಿ. ರೈತರ ಮಕ್ಕಳಿಗೆ 2021ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತುಮಾಡಿದ್ದರು. ಆಯಾ ವರ್ಷದ ಪ್ರಕಟಣೆಯನ್ನು ನೋಡಿ ಅರ್ಜಿ ಹಾಕತಕ್ಕದ್ದು. ಆದಾಯದ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮುಂಚೆಯೇ ತೆಗೆದಿಡಿರಿ. ಮಗಳ ಹೆಸರಿನ ಬ್ಯಾಂಕು ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ವಿಚಾರಿಸಿರಿ. ಮಂಜೂರಾದ ಹಣವು ಈ ಒಂದು ಕಾರಣಕ್ಕಾಗಿ ಬಾರದೆ ನಿಲ್ಲುವುದನ್ನು ಬಹಳ ಸಾರಿ ಕಂಡಿದ್ದೇನೆ.

ಎರಡನೆಯ ತಪ್ಪು ಇದಕ್ಕೆ ವಿರುದ್ಧವಾದುದು. ಹಣದ ಆಶ್ವಾಸನೆಯೊಂದನ್ನೇ ನೋಡಿ ಮಗಳನ್ನು ಎಲ್ಲಿಗಾದರೂ ಸೇರಿಸಿಬಿಡುವುದು. ಮೊದಲನೆಯ ವರ್ಷ ಶುಲ್ಕವಿಲ್ಲವೆಂದು ಹೇಳುವ ಕಾಲೇಜು ಎರಡನೆಯ ವರ್ಷ ಏನು ಹೇಳುತ್ತದೆ? ವೇತನವು ಮುಂದುವರಿಯಬೇಕಾದರೆ ಎಷ್ಟು ಅಂಕ, ಎಷ್ಟು ಹಾಜರಿ ಬೇಕು? ವಿದ್ಯಾರ್ಥಿನಿಲಯದ ಖರ್ಚು ಅದರಲ್ಲಿ ಸೇರಿದೆಯೇ? ಮೇಲೆ ಹೇಳಿದ ಕೇಂದ್ರದ ವೇತನಕ್ಕೂ ಪ್ರತಿ ವರ್ಷ ನೂರಕ್ಕೆ 50 ಅಂಕ, ನೂರಕ್ಕೆ 75 ಹಾಜರಿ ಬೇಕು. ಹಣವು ಕೈಗೆ ಬರುವುದು ಸಾಮಾನ್ಯವಾಗಿ ಶುಲ್ಕ ಕಟ್ಟಿ ತಿಂಗಳುಗಳು ಕಳೆದ ಮೇಲೆ; ಆ ನಡುವಿನ ಕಾಲಕ್ಕೆ ಏನು ಗತಿಯೆಂದು ಮೊದಲೇ ಲೆಕ್ಕಹಾಕಿರಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಆದರೆ ಹಾಸಿಗೆಯನ್ನು ಅಳೆಯದೆ ಕಾಲು ಮಡಚಿಕೊಂಡು ಮಲಗುವುದೂ ಜಾಣತನವಲ್ಲ.

ಇಲ್ಲಿ ನಾನು ಸ್ವಲ್ಪ ಕಠಿಣವಾಗಿ ಮಾತನಾಡಬೇಕಾಗಿದೆ. 'ಮಗಳಿಗೆ ವಿದ್ಯಾರ್ಥಿವೇತನ ದೊರೆಯುವ ಕಡೆ ಸೇರಿಸುತ್ತೇವೆ, ಇದ್ದ ಹಣವನ್ನು ಮಗನಿಗೆ ಇಟ್ಟುಕೊಳ್ಳುತ್ತೇವೆ' ಎಂದು ನನ್ನ ಮುಂದೆಯೇ ಹೇಳಿದ ತಾಯಿತಂದೆಗಳಿದ್ದಾರೆ. ಚೆನ್ನಾಗಿ ಓದಿದ ಮಗಳು ತಾನು ಗಳಿಸಿದ ವೇತನದ ಮಟ್ಟಿಗೆ ಮಾತ್ರ ಓದಬೇಕು. ಓದದ ಮಗನಿಗೆ ಡೊನೇಶನ್ ಕೊಟ್ಟಾದರೂ ಸೀಟು ತರಬೇಕು. ಇದು ಯಾವ ತಕ್ಕಡಿ? ಡೊನೇಶನ್ನನ್ನು ಕೇಳುವುದನ್ನು ನಮ್ಮ ರಾಜ್ಯದಲ್ಲಿ 1984ರ ಕಾಯಿದೆಯೇ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ. ಮಗಳ ಗಳಿಕೆಯು ಅವಳ ಹಾದಿಯನ್ನು ಅಗಲಮಾಡಬೇಕೇ ಹೊರತು ಇಕ್ಕಟ್ಟು ಮಾಡಬಾರದು. ವೇತನದಿಂದ ಉಳಿದ ಹಣವು ಅವಳ ಪುಸ್ತಕಕ್ಕೆ, ವಿದ್ಯಾರ್ಥಿನಿಲಯಕ್ಕೆ, ಮುಂದಿನ ಓದಿಗೆ ಸಲ್ಲತಕ್ಕದ್ದು. ಅದನ್ನು ಅವಳ ಮದುವೆಯ ಗಂಟಿಗೆ ಸೇರಿಸುವುದನ್ನೂ ನಾನು ಒಪ್ಪಲಾರೆನು.

'ಅಮ್ಮನವರೇ, ನಿಮಗೆ ಹೇಳುವುದು ಸುಲಭ. ದಿನದ ಕೂಲಿಯಲ್ಲಿ ಬದುಕುವವರ ಕಷ್ಟ ನಿಮಗೇನು ಗೊತ್ತು?' ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಇಬ್ಬರು ಮೂವರು ಮಕ್ಕಳಿರುವ ಮನೆಯಲ್ಲಿ ಎಲ್ಲರಿಗೂ ಬೇಕಾದುದನ್ನು ಕೊಡಲಾಗದಿರುವುದು ಯಾರ ಪಾಪವೂ ಅಲ್ಲ. ದೂರದ ಕಾಲೇಜಿಗೆ ಕಳುಹಿಸಲು ಶಕ್ತಿಯಿಲ್ಲದಿದ್ದರೆ ಇಲ್ಲವೆಂದೇ ಹೇಳಿರಿ. ಆದರೆ ಕಾರಣವನ್ನು ಮುಚ್ಚಿಡಬೇಡಿರಿ. ಮನೆಯ ವರಮಾನ ಇಷ್ಟು, ಸಾಲ ಇಷ್ಟು, ನಿನಗಾಗಿ ಇಡಬಲ್ಲದ್ದು ಇಷ್ಟು ಎಂದು ಒಂದು ಕಾಗದದ ಮೇಲೆ ಬರೆದು, ಅದೂ ಅರ್ಜಿ ಹಾಕುವುದಕ್ಕೆ ಮುಂಚೆಯೇ, ಮಗಳ ಮುಂದಿಡಿರಿ. ಹದಿನೆಂಟು ವರ್ಷದ ಹುಡುಗಿಯರು ಬಡತನವನ್ನು ಅರ್ಥಮಾಡಿಕೊಳ್ಳುತ್ತಾರೆ. ಸೀಟು ದೊರೆತ ಮೇಲೆ 'ಹಣವಿಲ್ಲ' ಎಂದು ಕೇಳುವುದೂ, ತಮ್ಮನಿಗೆ ಮಾತ್ರ ಹಣವಿತ್ತೆಂದು ಆಮೇಲೆ ತಿಳಿಯುವುದೂ ಅವರಿಗೆ ಸಹಿಸಲಾಗದ ನೋವು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನನ್ನದೊಂದು ಅರಿಕೆ. ನಿಮ್ಮಲ್ಲಿ ಬ್ಯಾಂಕಿನಲ್ಲಿರುವವರುಂಟು, ಕಾಲೇಜುಗಳಲ್ಲಿ ಬೋಧಿಸುವವರುಂಟು, ಈಚೆಗೆ ಈ ಹಂಚಿಕೆಯ ಸುತ್ತುಗಳನ್ನು ಸ್ವತಃ ದಾಟಿ ಬಂದವರುಂಟು. ಫಲಿತಾಂಶದ ಬಳಿಕ ನಿಮ್ಮಲ್ಲಿ ಇಬ್ಬರು ಮೂವರಾದರೂ ವಾರಕ್ಕೊಂದು ದಿನ ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕುಳಿತರೆ, ಅರ್ಜಿ ತುಂಬಲು ತಿಳಿಯದ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ. ನಿಮ್ಮ ಶಾಲೆಗೆ ನೀವು ಕೊಡುವ ಕಾಣಿಕೆಗಳಲ್ಲಿ ಇದಕ್ಕಿಂತ ಮಿಗಿಲಾದುದನ್ನು ನಾನು ಕೇಳಲಾರೆನು. ಅಂದು ನಾನು ಕೊಟ್ಟಂಥ ಅರೆಬರೆ ಸಲಹೆಯಿಂದ ಇನ್ನೊಬ್ಬ ತಂದೆಯು ಮೋಸಹೋಗದೆ ಉಳಿದಾನು.

ತಾಯಿತಂದೆಗಳೇ, ಉತ್ತರವು 'ಆಯಿತು' ಎಂದು ಬಂದರೆ ಸಂತೋಷಪಡಿರಿ. ದೊರೆಯದ ನೆರೆಯ ಮಗುವಿನ ಮುಂದೆ ಮಾತ್ರ ಅದನ್ನು ಮೆರೆಸಬೇಡಿರಿ. 'ಇಲ್ಲ' ಎಂದು ಬಂದರೆ ಅದು ಒಂದು ಕಾಲೇಜಿನ ಮಾತು, ನಿಮ್ಮ ಮಗಳ ಬೆಲೆಯನ್ನು ಕಟ್ಟಿದ ಮಾತಲ್ಲ. 'ಕಾದಿರಿ' ಎಂದು ಬಂದರೆ ನಿಯಮವನ್ನು ಓದಿರಿ, ಎರಡನೆಯ ಅರ್ಜಿಯನ್ನು ತುಂಬಿಸಿರಿ, ರಾತ್ರಿ ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯಿರಿ. ನನ್ನ ಕೊಠಡಿಯ ಬಾಗಿಲು ಮುಂದಿನ ಏಪ್ರಿಲಿನಲ್ಲಿಯೂ ತೆರೆದಿರುತ್ತದೆ. ಬರುವಾಗ ಮಗಳನ್ನು ಕಂಬದ ಮರೆಯಲ್ಲಿ ನಿಲ್ಲಿಸದೆ, ನಿಮ್ಮ ಜೊತೆಯಲ್ಲಿಯೇ ಒಳಗೆ ಕರೆದುಕೊಂಡು ಬನ್ನಿರಿ. ಈಗ ಅಲ್ಲಿ ಮೂರು ಕುರ್ಚಿಗಳಿವೆ.

— ಮುಖ್ಯೋಪಾಧ್ಯಾಯಿನಿ